ಜಲ, ತರು, ಪಾಷಾಣ ಮತ್ತು ನನ್ನ ಹಲ್ಲಿನ ಕ್ಲಿನಿಕ್ಕು

ಒಂದು ಹೆಬ್ಬೆಟ್ಟಿಗಾಗಿ ಮನೆಯವರೇ ನಿಮ್ಮ ಕೈ ತಿರುಚಿದ್ದಾರಾ? ನಿಮ್ಮದೇ ಆಸ್ತಿಯ ಕಾಗದ ಆಗುವಾಗ ನಿಮ್ಮನ್ನು ಕಾರಿನಲ್ಲಿ ಕೂರಿಸಿ, "ಫೋಟೋ ತೆಗೆಯೋವಾಗ ಕರೀತೀವಿ" ಎಂದು ಹೇಳಿ ಹೋಗಿದ್ದಾರಾ? ಹೆಂಗಸರನ್ನು ಕೇಳುತ್ತಿದ್ದೇನೆ. ಗಂಡಸರು ಓದಿದರೆ ಬೇಡ ಎನ್ನುವುದಿಲ್ಲ.

ನನಗೆ ಆಗಿದೆ. ಅದರಲ್ಲಿ ನನ್ನ ಒಂದು ಹಲ್ಲು ಕಿತ್ತು ಬಂತು. ಇನ್ನೊಬ್ಬನ ಕೈ ಮೇಲೆ ನನ್ನ ಹಲ್ಲಿನ ಗುರುತು ಉಳಿಯಿತು. ನೆಂಟರ ಬಾಯಲ್ಲಿ ಓಡಾಡುವ ಕಥೆಯಲ್ಲಿ ಈ ಎರಡನೆಯದು ಮಾತ್ರ ಇದೆ. ಅದಕ್ಕೇ ಪೂರ್ತಿ ಬರೆಯುತ್ತಿದ್ದೇನೆ.

ನಾನು ಹಲ್ಲಿನ ಡಾಕ್ಟರು. ಶಿವಮೊಗ್ಗದಲ್ಲಿ ಒಂದು ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ ನನ್ನ ಎರಡು ಕೋಣೆಯ ಕ್ಲಿನಿಕ್ಕು. ಮದುವೆಗೆ ಮೊದಲು ಬಾಡಿಗೆಗೆ ಹಿಡಿದದ್ದು, ಆಮೇಲೆ ನನ್ನ ಹೆಸರಿಗೆ ಕೊಂಡದ್ದು. ವಾಸದ ಮನೆ ಅತ್ತೆಯ ಹೆಸರಿನಲ್ಲಿ, ಕಾರು ಗಂಡನ ಹೆಸರಿನಲ್ಲಿ. ಈ ಊರಲ್ಲಿ ನನ್ನದು ಎಂದು ಬೆರಳು ಮಾಡಿ ತೋರಿಸಬಹುದಾದದ್ದು ಆ ಎರಡು ಕೋಣೆ ಮಾತ್ರ. ಇಪ್ಪತ್ತೆರಡು ವರ್ಷ ನಿಂತು ದುಡಿದ ಜಾಗ.

ಬೆರಳು ಎಂದೆನಲ್ಲ, ನನ್ನ ಕ್ಲಿನಿಕ್ಕಿನಲ್ಲಿ ಒಂದು ಕ್ರಮ ಇದೆ. ಹಲ್ಲು ಕೀಳುವ ಮೊದಲು ರೋಗಿ ತನ್ನ ಬೆರಳನ್ನು ಆ ಹಲ್ಲಿನ ಮೇಲೆ ಇಟ್ಟು "ಇದು" ಎನ್ನಬೇಕು. ಕೆಲಸ ಶುರು ಮಾಡಿದ ಮೊದಲ ವರ್ಷ ಒಬ್ಬರಿಗೆ ಪಕ್ಕದ ಹಲ್ಲಿಗೆ ಇಕ್ಕಳ ಹಾಕಿಬಿಟ್ಟಿದ್ದೆ. ಅವರು ಕಣ್ಣು ಅಗಲಿಸಿದ್ದರಿಂದ ಉಳಿಯಿತು. ಅವತ್ತಿನಿಂದ ಕಲೆಕ್ಟರ್ ಬಂದರೂ ಬೆರಳು ಇಡದೆ ನಾನು ಇಕ್ಕಳ ಮುಟ್ಟುವುದಿಲ್ಲ. ಇಷ್ಟು ಕಟ್ಟುನಿಟ್ಟಿನ ಹೆಂಗಸು ತನ್ನ ವಿಷಯಕ್ಕೆ ಬಂದಾಗ ಏನು ಮಾಡಿದಳು ನೋಡಿ.

ನಮ್ಮ ವೃತ್ತಿಯವರಿಗೆ ಕತ್ತು ಹಾಳಾಗುವುದು ಹೊಸತಲ್ಲ. ದಿನವಿಡೀ ಬಗ್ಗಿ ಬಗ್ಗಿ ನನ್ನ ಕತ್ತಿನ ಮೂಳೆಗಳ ನಡುವೆ ನರ ಸಿಕ್ಕಿಕೊಂಡಿತ್ತು. ಎಡಗೈ ಬೆರಳುಗಳು ಜೋಮು ಹಿಡಿದವು. ಒಂದು ದಿನ ಎಡಗೈಯಲ್ಲಿದ್ದ ಪುಟ್ಟ ಕನ್ನಡಿ ಜಾರಿ ರೋಗಿಯ ಗಂಟಲ ಹತ್ತಿರ ಬಿತ್ತು. ಆಪರೇಷನ್ ಆಗಲೇಬೇಕು, ಮೂರು ತಿಂಗಳು ಕೆಲಸ ಮುಟ್ಟುವ ಹಾಗಿಲ್ಲ ಎಂದರು ಡಾಕ್ಟರು. ಭದ್ರಾವತಿಯಲ್ಲಿ ಕ್ಲಿನಿಕ್ಕು ಇಟ್ಟಿರುವ ನನ್ನ ಸಹಪಾಠಿ ವಾರಕ್ಕೆ ಮೂರು ದಿನ ಬಂದು ರೋಗಿಗಳನ್ನು ನೋಡಲು ಒಪ್ಪಿದಳು. ಆದರೆ ಚೆಕ್ಕಿಗೆ ಸಹಿ ಯಾರು ಹಾಕುವುದು? ಸಂಬಳ, ಹಲ್ಲಿನ ಸೆಟ್ಟು ಮಾಡುವ ಲ್ಯಾಬು, ಔಷಧಿ ತರಿಸುವುದು, ಪರವಾನಗಿ ನವೀಕರಣ? ಅದಕ್ಕೊಂದು ಪವರ್ ಆಫ್ ಅಟಾರ್ನಿ ಬೇಕಿತ್ತು.

ಊಟದ ಮೇಜಿನ ಮುಂದೆ ಈ ಮಾತು ತೆಗೆದೆ. ಮೈದುನ ಕೂಡಲೇ ಚುರುಕಾದ. ಅವನದು ಸೈಟಿನ ವ್ಯವಹಾರ. ಹೊಳಲೂರಿನ ಕಡೆ ಒಂದು ಲೇಔಟ್ ಎಬ್ಬಿಸಿ, ಅದು ಅರ್ಧಕ್ಕೆ ನಿಂತಿತ್ತು.

"ಅತ್ತಿಗೆ, ಅದೇನ್ ದೊಡ್ಡ ವಿಷ್ಯ. ಅಣ್ಣನ ಹೆಸರಿಗೆ, ನನ್ ಹೆಸರಿಗೆ ಒಂದು ಜಿಪಿಎ ಬರೆಸ್ತೀನಿ. ನಮ್ ಬಾಂಡ್ ರೈಟರ್ ಇದಾನೆ, ಅರ್ಧ ದಿನದ ಕೆಲ್ಸ. ನೀವು ಆರಾಮಾಗಿ ಕತ್ತು ಕುಯ್ಸಿಕೊಳ್ಳಿ."

ಗಂಡ ಕಾಲೇಜು ಮೇಷ್ಟ್ರು. ತಲೆ ಎತ್ತದೆ ಸಾರು ಕಲಸಿಕೊಳ್ಳುತ್ತಾ, "ಅವ್ನಿಗೆ ಗೊತ್ತಿರುತ್ತೆ ಅದೆಲ್ಲ, ಮಾಡ್ಸು" ಎಂದ.

ಒಪ್ಪಿದೆ. ತಪ್ಪು ನನ್ನದೇ.

ನಮ್ಮ ಕಡೆ ರಿಜಿಸ್ಟ್ರಾರ್ ಆಫೀಸಿಗೆ ಹೆಂಗಸರನ್ನು ಕರೆದುಕೊಂಡು ಹೋಗುವ ರೀತಿ ನಿಮಗೆ ಗೊತ್ತಿರಬಹುದು. ಹಿಸ್ಸೆ ಬಿಟ್ಟುಕೊಡುವ ಅಕ್ಕ, ಸಾಕ್ಷಿಗೆ ಬಂದ ಅತ್ತೆ, ಎಲ್ಲರೂ ಕಾರಿನಲ್ಲಿ ಕೂರುತ್ತಾರೆ. ಮಾತುಕತೆ ಎಲ್ಲ ಗಂಡಸರದು. ಸರದಿ ಬಂದಾಗ "ಬನ್ರಿ" ಎನ್ನುತ್ತಾರೆ, ಸೆರಗು ಸರಿ ಮಾಡಿಕೊಂಡು ಒಳಗೆ ಹೋಗಿ ಹೆಬ್ಬೆಟ್ಟು ಒತ್ತಿ, ಫೋಟೋಗೆ ಮುಖ ಕೊಟ್ಟು ಬಂದರೆ ಮುಗಿಯಿತು. ಬರುವಾಗ ಹೋಟೆಲಿನಲ್ಲಿ ಮಸಾಲೆ ದೋಸೆ. ನನ್ನ ಅಮ್ಮ ಹಾಗೇ ಕೂತಿದ್ದಳು. ಡಿಗ್ರಿ ಇಟ್ಟುಕೊಂಡು ನಾನೂ ಹಾಗೇ ಕೂತೆ. ಮೈದುನ ಒಂದು ರಟ್ಟಿನ ಮೇಲೆ ಹಾಳೆಗಳನ್ನು ಕ್ಲಿಪ್ಪು ಹಾಕಿ ತಂದು ಕಿಟಕಿಯಿಂದ ಒಳಗೆ ಚಾಚಿದ. ಮೇಲಿನ ಮುಕ್ಕಾಲು ಭಾಗ ಅವನ ಅಂಗೈ ಕೆಳಗಿತ್ತು.

"ಇಲ್ಲಿ, ಇಲ್ಲಿ, ಇಲ್ಲಿ. ಬೇಗ ಹಾಕಿ ಅತ್ತಿಗೆ, ಟೋಕನ್ ಬಂದ್ಬಿಡುತ್ತೆ."

ಬೇರೆಯವರ ಬೆರಳು ಹಲ್ಲಿನ ಮೇಲೆ ಇಡಿಸುವ ನಾನು ಆರು ಹಾಳೆಗೆ ಸಹಿ ಹಾಕಿದೆ, ಒಂದು ಸಾಲೂ ಓದದೆ.

ಹತ್ತು ನಿಮಿಷಕ್ಕೆ ಕರೆದರು. ಒಳಗೆ ಕೌಂಟರಿನ ಮುಂದೆ ನಿಂತಾಗ ಗುಮಾಸ್ತರು ಹಾಳೆ ಮಗುಚುತ್ತಿದ್ದರು. ನನ್ನ ಕಣ್ಣು ಸುಮ್ಮನೆ ಅತ್ತ ಹೋಯಿತು. ತಲೆಕೆಳಗಾಗಿ ಓದುವುದು ನನಗೆ ಸಲೀಸು. ರೋಗಿಯ ತಲೆಯ ಹಿಂದೆ ನಿಂತು ಬಾಯಿ ನೋಡುವವಳಲ್ಲವೇ. "ನಿಧಿ, ನಿಕ್ಷೇಪ, ಜಲ, ತರು, ಪಾಷಾಣ" ಎಂದು ಬರೆದಿತ್ತು.

ಚಪ್ಪಲಿ ಅಂಗಡಿಯ ಮೇಲಿನ ಎರಡು ಕೋಣೆಗೆ ಯಾವ ಮರ, ಯಾವ ಬಂಡೆ? ಅಲ್ಲಿರುವ ಜಲ ಎಂದರೆ ರೋಗಿಗಳು ಬಾಯಿ ಮುಕ್ಕಳಿಸಿ ಉಗುಳುವ ನೀರು. ನಗು ಬಂತು. ಆಮೇಲೆ ನಗು ನಿಂತಿತು. ಈ ಸಾಲು ನಾನು ಬೇರೆ ಕಡೆ ನೋಡಿದ್ದೆ: ಕ್ಲಿನಿಕ್ಕು ಕೊಂಡಾಗ, ಕ್ರಯಪತ್ರದಲ್ಲಿ. ಇದು ಜಮೀನು, ಮನೆ ಕೈ ಬದಲಾಯಿಸುವಾಗ ಬರೆಯುವ ಸಾಲು. ಸಂಬಳ ಕೊಡುವ ಅಧಿಕಾರಕ್ಕೆ ಇದು ಯಾಕೆ? ಬಾಂಡ್ ರೈಟರ್ ತನ್ನ ಹಳೆಯ ಜಮೀನಿನ ನಮೂನೆಯನ್ನೇ ಇಳಿಸಿದ್ದ, ಆ ಸಾಲನ್ನು ತೆಗೆಯಲು ಮರೆತಿದ್ದ. ಮರೆಯದಿದ್ದರೆ ನಾನು ನೋಡುತ್ತಲೇ ಇರಲಿಲ್ಲ.

"ಒಂದ್ನಿಮಿಷ ಕೊಡಿ" ಎಂದು ಹಾಳೆ ಎಳೆದುಕೊಂಡೆ. ಮಾರಲು, ದಾನ ಕೊಡಲು, ಬ್ಯಾಂಕಿಗೆ ಅಡ ಇಡಲು ಅಧಿಕಾರ. ಕ್ಲಿನಿಕ್ಕಿನ ನಂಬರು, ಅಳತೆ, ನಾಲ್ಕೂ ದಿಕ್ಕಿನ ಗಡಿ.

"ಓದ್ಕೊಂಡು ಕೂತ್ರೆ ಆಫೀಸ್ ಮುಚ್ಚುತ್ತೆ ಅತ್ತಿಗೆ" ಎಂದ ಮೈದುನ.

"ಇದ್ರಲ್ಲಿ ಮಾರೋದು ಯಾಕಿದೆ?"

"ಅದು ಫಾರ್ಮ್ಯಾಟು. ಎಲ್ಲರದ್ರಲ್ಲೂ ಇರುತ್ತೆ."

"ಹಂಗಾದ್ರೆ ಹೊಡೆದುಹಾಕ್ಸು."

"ಏನ್ ಮಾರಾಯ್ತಿ ಇವ್ರು" ಎಂದು ಅವನು ಅಣ್ಣನ ಕಡೆ ತಿರುಗಿದ. ಗಂಡ ನನ್ನ ಕಿವಿಯ ಹತ್ತಿರ ಬಂದು, "ಜನ ನೋಡ್ತಿದಾರೆ, ಒತ್ತು ಸುಮ್ನೆ" ಎಂದ. ಅವನಿಗೆ ಗೊತ್ತಿತ್ತು. ಅದು ಆ ಕ್ಷಣಕ್ಕೆ ನನಗೆ ಗೊತ್ತಾಯಿತು.

ಅಧಿಕಾರಿ ತಮ್ಮ ಕೆಲಸ ಸರಿಯಾಗಿ ಮಾಡಿದರು. "ಏನಮ್ಮ, ಇದು ನಿಮ್ಮ ಒಪ್ಪಿಗೆಯಿಂದ ಬರೆದುಕೊಟ್ಟಿದ್ದಾ?" ಎಂದು ಕೇಳಿದರು. ನಾನು "ಇಲ್ಲ" ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಮೈದುನ ಹಿಂದಿನಿಂದ ನನ್ನ ಎಡಗೈ ಮುಂಗೈ ಹಿಡಿದು ಎಳೆದು, ಹೆಬ್ಬೆರಳನ್ನು ಆ ಗಾಜಿನ ಯಂತ್ರದ ಮೇಲೆ ಒತ್ತಿದ. "ಹೂಂ ಅಂತಿದಾರೆ ಸಾರ್, ಕೈಗೆ ಶಕ್ತಿ ಇಲ್ಲ ಅವ್ರಿಗೆ, ಅದ್ಕೇ ಹಿಡ್ಕೊಂಡೆ."

ಜೋಮು ಹಿಡಿದ ಕೈ. ಅವನು ಎಷ್ಟು ಬಿಗಿಯಾಗಿ ಹಿಡಿದಿದ್ದಾನೆ ಎನ್ನುವುದು ನನಗೆ ತಿಳಿಯಲಿಲ್ಲ. ನನ್ನ ಹೆಬ್ಬೆರಳು ಬೆಳ್ಳಗಾಗಿ ಚಪ್ಪಟೆಯಾಗುವುದನ್ನು ಬೇರೆ ಯಾರದೋ ಬೆರಳಿನಂತೆ ನೋಡಿದೆ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಅವನ ಮೃದು ಚರ್ಮ ನನ್ನ ಮುಖದಿಂದ ಒಂದು ಗೇಣು ದೂರದಲ್ಲಿತ್ತು.

ಕಚ್ಚಿದೆ.

ಹಿಂದಿನ ಹಲ್ಲಿನಿಂದ ಕಚ್ಚಿದೆ. ಮುಂದಿನ ಹಲ್ಲು ಗೀರುತ್ತದೆ ಅಷ್ಟೆ, ಬಲ ಇರುವುದು ಹಿಂದೆ. ಅವನು ಕಿರುಚಿ ಇನ್ನೊಂದು ಕೈಯಿಂದ ನನ್ನ ತಲೆಗೆ ಗುದ್ದಿದ. ಗುದ್ದಿದಷ್ಟೂ ದವಡೆ ಬಿಗಿಯಾಯಿತು. ಬಾಯಿಗೆ ಉಪ್ಪು ಬಂತು. ಸುಳ್ಳು ಯಾಕೆ ಹೇಳಲಿ, ಹಿತವಾಗಿತ್ತು. ಕುರ್ಚಿ ಬಿತ್ತು, ಮೇಜಿನ ಮೇಲಿನ ಕಾಗದಗಳ ಮೇಲೆ ರಕ್ತ ಚಿಮ್ಮಿತು. ಇಬ್ಬರು ಗಂಡಸರು ನನ್ನ ಭುಜ ಹಿಡಿದು ಬಿಡಿಸಿದರು. ಅಧಿಕಾರಿ ಎದ್ದು ನಿಂತು, "ಈ ದಾಖಲೆ ಆಗಲ್ಲ. ಎಲ್ಲಾ ಹೊರಗೆ ನಡೀರಿ" ಎಂದರು. ಕ್ಲಿನಿಕ್ಕು ಅವತ್ತಿಗೆ ಉಳಿಯಿತು.

ಮೆಟ್ಟಿಲಿನ ಮೇಲೆ ಗಂಡ ಹೊಡೆದ. ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ಅದಕ್ಕೆ ಮೊದಲು ಎರಡು ಸಲ ಕೈ ಎತ್ತಿದ್ದ. 'ಹೊಡೆಯುವ ಗಂಡ' ಎಂದರೆ ಬೇರೆ ಥರದವರು ಎಂದು ನಾನು ಅಂದುಕೊಂಡಿದ್ದೆ. ಕೆನ್ನೆಗೆ ಬಿದ್ದ ಏಟಿಗೆ ನಾನು ತಿರುಗಿ, ನನ್ನ ಬಾಯಿ ಮೆಟ್ಟಿಲ ಪಕ್ಕದ ಕಬ್ಬಿಣದ ಪೈಪಿಗೆ ಬಡಿಯಿತು. ಕತ್ತಿನಿಂದ ಬೆರಳ ತುದಿಯವರೆಗೆ ಬೆಂಕಿ ಹರಿಯಿತು. ಕಾಲು ಆಡುತ್ತದೋ ಇಲ್ಲವೋ ಎಂದು ಮೊದಲು ಕಾಲು ಆಡಿಸಿ ನೋಡಿದೆ. ಆಡಿತು. ಆಮೇಲೆ ನಾಲಿಗೆ ಹೊರಳಿಸಿದೆ. ಮೇಲಿನ ಮುಂದಿನ ಸಾಲಿನಲ್ಲಿ ಒಂದು ಹಲ್ಲು ಜಾಗದಲ್ಲಿರಲಿಲ್ಲ.

ಎರಡು ಮೆಟ್ಟಿಲು ಕೆಳಗೆ ಬಿದ್ದಿತ್ತು, ಬೇರು ಸಮೇತ.

"ಎದ್ದೇಳು, ನಾಟಕ ಮಾಡ್ಬೇಡ" ಎಂದ ಗಂಡ.

ಎಲ್ಲರಿಗೂ ಹೇಳುತ್ತಿರುತ್ತೇನೆ, ನಿಮಗೂ ಹೇಳಿಬಿಡುತ್ತೇನೆ: ದೊಡ್ಡವರ ಹಲ್ಲು ಹೀಗೆ ಇಡಿಯಾಗಿ ಕಿತ್ತು ಬಂದರೆ ಬೇರು ಮುಟ್ಟಬೇಡಿ, ತಿಕ್ಕಬೇಡಿ, ಸುಮ್ಮನೆ ನೀರು ಹಾಯಿಸಿ ಆ ಕ್ಷಣವೇ ಅದರ ಜಾಗದಲ್ಲಿ ಕೂರಿಸಿ ಡಾಕ್ಟರ ಹತ್ತಿರ ಓಡಿ. ಮೆಟ್ಟಿಲ ಬುಡದಲ್ಲಿ ಒಬ್ಬ ಅಜ್ಜಿ ತನ್ನ ಹೆಬ್ಬೆಟ್ಟಿನ ಸರದಿಗೆ ಕಾಯುತ್ತಾ ಕೂತಿದ್ದರು. ನೀರಿನ ಬಾಟಲಿ ಚಾಚಿದರು. ಹಲ್ಲು ತೊಳೆದು, ತುದಿ ಹಿಡಿದು, ಗಂಡನ ಕಣ್ಣೆದುರೇ ಒಳಗೆ ಒತ್ತಿದೆ. ಟಕ್ ಎಂದು ಕೂತಿತು. ಕರವಸ್ತ್ರ ಮಡಚಿ ಕಚ್ಚಿಕೊಂಡೆ. ಅವನ ಮುಖ ಬಿಳಿಚಿಕೊಂಡಿತು. ಇಷ್ಟು ವರ್ಷ ನನ್ನ ಜೊತೆ ಇದ್ದು ನನ್ನ ಕೆಲಸವನ್ನು ಅವನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಅಜ್ಜಿ, "ನಿಂಗೂ ಹಿಸ್ಸೆ ಕೊಡ್ಲಿಲ್ವೇನವ್ವ" ಎಂದರು.

ಆಟೋ ಹಿಡಿದು ಸ್ಟ್ಯಾಂಡಿಗೆ, ಅಲ್ಲಿಂದ ಪ್ರೈವೇಟ್ ಬಸ್ಸು ಹತ್ತಿ ಭದ್ರಾವತಿಗೆ. ಕಂಡಕ್ಟರು ನನ್ನ ಬಾಯಿ ನೋಡಿ ಮುಂದಿನ ಸೀಟು ಬಿಡಿಸಿಕೊಟ್ಟ. ಸಹಪಾಠಿ ತಂತಿ ಕಟ್ಟಿ ಹಲ್ಲು ಬಿಗಿ ಮಾಡಿದಳು. "ಯಾರ ಹೊಡೆತ?" ಎಂದಳು. "ಮೇಷ್ಟ್ರದು" ಎಂದೆ. ತನ್ನ ಲೆಟರ್‌ಹೆಡ್ಡಿನಲ್ಲಿ ಗಾಯದ ವಿವರ ಬರೆದು ಸೀಲು ಹಾಕಿ ಕೊಟ್ಟಳು. ಅದು ಆಮೇಲೆ ಕೆಲಸಕ್ಕೆ ಬಂತು.

ಅತ್ತೆಯ ಮನೆಗೆ ವಾಪಸು ಹೋಗುವುದು ಸಾಧ್ಯವಿರಲಿಲ್ಲ. ಭದ್ರಾವತಿಯಲ್ಲೇ, ನ್ಯೂ ಟೌನಿನಲ್ಲಿ, ನನ್ನ ಅಸಿಸ್ಟೆಂಟಿನ ಮನೆ. ಹದಿನಾಲ್ಕು ವರ್ಷದಿಂದ ದಿನಾ ಬಸ್ಸಿನಲ್ಲಿ ಬಂದು ನನ್ನ ಪಕ್ಕ ನಿಂತು, ಕೇಳುವ ಮೊದಲೇ ಸಾಮಾನು ಕೈಗೆ ಕೊಡುವವಳು. ಅವಳ ಅಪ್ಪ ತಮಿಳುನಾಡಿನಿಂದ ಕಾರ್ಖಾನೆ ಕೆಲಸಕ್ಕೆ ಬಂದು ಇಲ್ಲಿಯವರಾದವರು. ಅವಳ ಅಮ್ಮ ಸ್ಟೂಲು ಎಳೆದು "ಉಕ್ಕಾರುಮ್ಮಾ" ಎಂದು ಕೂರಿಸಿ, ಆರಿದ ಗಂಜಿ ತಂದಿಟ್ಟರು. ಹತ್ತು ದಿನ ಅಲ್ಲೇ ಇದ್ದೆ.

ಅಧಿಕಾರ ಕೊಡುವುದಾದರೆ ಇವಳಿಗೆ ಎಂದು ಗಂಜಿ ಕುಡಿಯುವಾಗ ತೀರ್ಮಾನಿಸಿದೆ.

"ಬೇಡ ಮೇಡಂ. ಬ್ಯಾಂಕಲ್ಲಿ ಸ್ಲಿಪ್ ಬರೆಯಕ್ಕೇ ನಂಗೆ ಕೈ ನಡುಗುತ್ತೆ."

"ನಾನು ಬುದ್ಧಿಹಲ್ಲು ಕೀಳೋವಾಗ ಇಕ್ಕಳ ಕೊಡಕ್ಕೆ ನಡುಗಲ್ವಲ್ಲ."

"ಅದು ಬೇರೆಯವ್ರ ಬಾಯಿ."

ಅದೇ ಬಡಾವಣೆಯ ವಕೀಲರೊಬ್ಬರು ಎರಡು ಹಾಳೆಯ ಪತ್ರ ಬರೆದರು. ಚೆಕ್ಕು, ಸಂಬಳ, ಲ್ಯಾಬು, ಔಷಧಿ, ಪರವಾನಗಿ. ಇಂಥ ದಿನದಿಂದ ಇಂಥ ದಿನದವರೆಗೆ. ಮಾರುವುದಕ್ಕಾಗಲಿ, ಅಡ ಇಡುವುದಕ್ಕಾಗಲಿ ಅಧಿಕಾರ ಇಲ್ಲ ಎಂದು ದಪ್ಪ ಅಕ್ಷರದಲ್ಲಿ. ಕಾರಿನಲ್ಲಿ ನಾನು ಸಹಿ ಹಾಕಿದ್ದ ಆ ಆರು ಹಾಳೆ ಇನ್ನೂ ಮೈದುನನ ಹತ್ತಿರ ಇದ್ದವು; ಅವಕ್ಕೆ ನನ್ನ ಒಪ್ಪಿಗೆ ಇಲ್ಲವೆಂದು ವಕೀಲರು ನೋಟಿಸು ಕಳಿಸಿದರು.

"ಇದನ್ನ ಇಟ್ಕೊಂಡು ಇವಳು ಹಲ್ಲು ಕೀಳಂಗಿಲ್ಲ, ನೆನಪಿರ್ಲಿ" ಎಂದರು ವಕೀಲರು. "ಇನ್ನೊಂದು ಮಾತು ಮೇಡಂ. ಆಪರೇಷನ್‌ನಲ್ಲಿ ನಿಮ್ಗೆ ಹೆಚ್ಚುಕಮ್ಮಿ ಆಗಿ ಪ್ರಜ್ಞೆ ಬರ್ಲಿಲ್ಲ ಅಂದ್ರೆ ಈ ಪತ್ರ ನಿಮ್ ಜೊತೇನೇ ಮಲಗಿಬಿಡುತ್ತೆ. ಆಮೇಲೆ ಕೋರ್ಟಿಗೆ ಹೋಗಿ ಅಧಿಕಾರ ಕೇಳೋರು ಯಾರು, ಗೊತ್ತಲ್ಲ?"

ಗೊತ್ತಿತ್ತು. ಗಂಡ, ಮೈದುನ. ಪ್ರಜ್ಞೆ ತಪ್ಪಿದರೆ ತಡೆಯಲಾಗದಿದ್ದರೂ, ಸತ್ತರೆ ಕ್ಲಿನಿಕ್ಕು ಅವರ ಕೈ ಸೇರದಿರಲಿ ಎಂದು ಅವತ್ತೇ ಒಂದು ಉಯಿಲನ್ನೂ ಬರೆಸಿದೆ. ನಲವತ್ತೆಂಟನೆಯ ವಯಸ್ಸಿಗೆ, ಬಾಯಲ್ಲಿ ತಂತಿ ಇಟ್ಟುಕೊಂಡು.

ಸಹಿ ಮಾಡುವ ಮೊದಲು ಅಸಿಸ್ಟೆಂಟ್ ಒಂದೊಂದು ಸಾಲಿನ ಮೇಲೆ ಬೆರಳು ಇಟ್ಟು ಗಟ್ಟಿಯಾಗಿ ಓದಿದಳು. ನಾನು ಹೇಳಿರಲಿಲ್ಲ; ಹದಿನಾಲ್ಕು ವರ್ಷ ಅದನ್ನೇ ನೋಡಿದವಳು. ನೋಂದಣಿಗೆ ಶಿವಮೊಗ್ಗದ ಅದೇ ಆಫೀಸಿಗೆ ಹೋದೆವು. ಗುಮಾಸ್ತರು ಗುರುತು ಹಿಡಿದು, ಯಂತ್ರವನ್ನು ನನ್ನ ಕಡೆ ಸರಿಸಿ ತಮ್ಮ ಕೈ ಹಿಂದಕ್ಕೆ ಎಳೆದುಕೊಂಡರು. "ಇವತ್ತು ಊಟ ಮಾಡ್ಕೊಂಡು ಬಂದಿದೀರಲ್ಲ ಮೇಡಂ?" ನನ್ನ ಬಲಗೈಯಿಂದ ಎಡಗೈ ಎತ್ತಿ, ನನ್ನ ಹೆಬ್ಬೆರಳನ್ನು ನಾನೇ ಗಾಜಿನ ಮೇಲೆ ಒತ್ತಿದೆ.

ಆಪರೇಷನ್ ಆದ ಐದನೆಯ ದಿನ ನಾನು ಕತ್ತಿಗೆ ಪಟ್ಟಿ ಕಟ್ಟಿಕೊಂಡು ಚಾವಣಿ ನೋಡುತ್ತಾ ಮಲಗಿದ್ದಾಗ ಕ್ಲಿನಿಕ್ಕಿನಲ್ಲಿ ನಡೆದದ್ದು ಮುಂದಿನದು. ಹದಿನೈದು ದಿನ ನನ್ನಿಂದ ಮುಚ್ಚಿಟ್ಟರು.

ಮೈದುನ ಇಬ್ಬರನ್ನು ಕರೆದುಕೊಂಡು ಬಂದ, ಸ್ಪ್ಯಾನರ್ ಹಿಡಿದು. ಕುರ್ಚಿ ಬಿಚ್ಚಿಸಿ, ಜಾಗ ಖಾಲಿ ಮಾಡಿಸಿ ಬೀಗ ಹಾಕುವುದು ಅವನ ಲೆಕ್ಕ. ಒಮ್ಮೆ ಖಾಲಿಯಾಗಿ ಬೀಗ ಅವನದಾದರೆ ನಾನು ವರ್ಷಗಟ್ಟಲೆ ಕೋರ್ಟಿಗೆ ಅಲೆಯಬೇಕು. ಆರು ಹಾಳೆ ಬೀಸಿ, "ಓನರ್ ಸಹಿ ಇದೆ ನೋಡು" ಎಂದ. ಅಸಿಸ್ಟೆಂಟ್ ಎರಡು ಹಾಳೆ ತೋರಿಸಿ, "ರಿಜಿಸ್ಟ್ರಾರ್ ಸೀಲ್ ಇದೆ ನೋಡಿ ಸಾರ್, ನಿಮ್ದ್ರಲ್ಲಿ ಎಲ್ಲಿದೆ?" ಎಂದಳು. ಅವನು ಅದನ್ನು ಕಿತ್ತು ಹರಿದ. ಜೆರಾಕ್ಸು. "ಇನ್ನೂ ಇಪ್ಪತ್ತಿದೆ, ಹರೀರಿ" ಎಂದಳಂತೆ.

ಜಡೆ ಹಿಡಿದು ಅವಳ ತಲೆಯನ್ನು ಎಕ್ಸ್‌ರೇ ಯಂತ್ರದ ಕಂಬಕ್ಕೆ ಚಚ್ಚಿದ. ಹುಬ್ಬು ಸೀಳಿತು. ಅವಳು ಕಣ್ಣಿಗೆ ರಕ್ತ ಇಳಿಯುತ್ತಿರುವಾಗಲೇ ಸಾಮಾನಿನ ಉಕ್ಕಿನ ಟ್ರೇ ತೆಗೆದು ಅವನ ಮೊಣಕಾಲಿಗೆ ಹೊಡೆದಳು, ಇನ್ನೊಂದು ಸಲ ಹೊಡೆದಳು, ಅವನು ಬಿದ್ದ ಮೇಲೆಯೂ ಹೊಡೆದಳು. ಆ ಹೊತ್ತಿಗೆ ಕುರ್ಚಿಯಲ್ಲಿ ಅಡಿಕೆ ಮಂಡಿಯ ಹಮಾಲಿಯೊಬ್ಬರು ಇದ್ದರು. ಅವತ್ತು ಬಂದಿದ್ದ ಸಹಪಾಠಿ ಕೊಟ್ಟ ಇಂಜೆಕ್ಷನ್ನಿಗೆ ಅರ್ಧ ಬಾಯಿ ಮರಗಟ್ಟಿತ್ತು. ಸ್ಪ್ಯಾನರಿನವನು ಅವರು ಕೂತಿದ್ದ ಕುರ್ಚಿಯ ಬುಡಕ್ಕೆ ಕೈ ಹಾಕಿದ. ಅವರು ಎದೆಗೆ ಕಟ್ಟಿದ್ದ ಬಟ್ಟೆಯ ಸಮೇತ ಎದ್ದು, ಅವನ ಮುಖಕ್ಕೆ ಒಂದು ಕೊಟ್ಟು, ಮೈದುನನನ್ನು ಮೂಟೆಯಂತೆ ಬೆನ್ನಿಗೆ ಹಾಕಿಕೊಂಡು ಚಪ್ಪಲಿ ಅಂಗಡಿಯ ಮುಂದೆ ಇಳಿಸಿ ಬಂದು ಮತ್ತೆ ಕೂತರಂತೆ. ಸಹಪಾಠಿಗೆ ತೊದಲುತ್ತಾ, "ಬೇಗ ಕೀಳ್ರಿ, ಮಂಡೀಲಿ ಲೋಡ್ ಐತೆ" ಎಂದರಂತೆ. ಬೆರಳು ಇಟ್ಟು ತೋರಿಸಿ ಆದ ಮೇಲೇ ಕಿತ್ತದ್ದು.

ಅವಳ ಹುಬ್ಬಿಗೆ ನಾಲ್ಕು ಹೊಲಿಗೆ. ಆ ಗುರುತು ನೋಡಿದಾಗಲೆಲ್ಲ ಅಧಿಕಾರ ಕೊಟ್ಟೆನೋ, ನನಗೆ ಬೀಳಬೇಕಿದ್ದ ಏಟನ್ನು ಅವಳ ಕಡೆ ದಾಟಿಸಿದೆನೋ ಎಂದು ಅನಿಸುತ್ತದೆ. ಒಮ್ಮೆ ಕೇಳಿಯೂ ಬಿಟ್ಟೆ. "ಸಂಬ್ಳ ಮಾತ್ರ ಕರೆಕ್ಟಾಗಿ ಹಾಕ್ಕೊಂಡೆ ಮೇಡಂ, ಒಂದಿನಾನೂ ಲೇಟಿಲ್ಲ" ಎಂದಳು, ಅಷ್ಟೆ.

ಈಗ ಸ್ಟೇಷನ್ನಿನಲ್ಲಿ ನಮ್ಮದೊಂದು ದೂರು, ಅವರದೊಂದು ದೂರು. ಅವರದು ಕಚ್ಚಿದ್ದಕ್ಕೆ. ನಾನು ನ್ಯೂ ಟೌನಿನಲ್ಲಿ ಬಾಡಿಗೆ ಮನೆ ಮಾಡಿದ್ದೇನೆ. ಬೆಳಿಗ್ಗೆ ಇಬ್ಬರೂ ಒಂದೇ ಬಸ್ಸು ಹಿಡಿದು ಬಂದು ಕ್ಲಿನಿಕ್ಕಿನ ಬೀಗ ತೆಗೆಯುತ್ತೇವೆ. ಎಡಗೈಗೆ ಮುಕ್ಕಾಲು ಭಾಗ ಸ್ಪರ್ಶ ಬಂದಿದೆ. ಹಲ್ಲು ಸ್ವಲ್ಪ ಕಪ್ಪಾಗಿದೆ, ಬೇರಿನ ಚಿಕಿತ್ಸೆ ಮಾಡಿಸಿಕೊಂಡು ಹಾಗೇ ಬಿಟ್ಟಿದ್ದೇನೆ. ಗಂಡ ಫೋನು ಮಾಡಿ, "ನೀನೇ ಅಲ್ವಾ ಮೊದ್ಲು ಕಚ್ಚಿದ್ದು" ಎನ್ನುತ್ತಾನೆ. ಮದುವೆ ಮನೆಗಳಲ್ಲಿ ನನ್ನನ್ನು ಕಂಡರೆ ಮಕ್ಕಳಿಗೆ "ಕಚ್ಚೋ ಡಾಕ್ಟ್ರು ಬಂದ್ರು" ಎನ್ನುತ್ತಾರೆ. ಗಾಜಿನ ಮೇಲೆ ಬೆಳ್ಳಗಾದ ಹೆಬ್ಬೆರಳು ಯಾರಿಗೂ ನೆನಪಿಲ್ಲ.

ಪತ್ರದ ಅವಧಿ ಮುಗಿದ ದಿನ ಅಸಿಸ್ಟೆಂಟ್ ಅದನ್ನು ಲ್ಯಾಮಿನೇಷನ್ ಮಾಡಿಸಿ ತಂದು ನನ್ನ ಮೇಜಿನ ಮೇಲೆ ಇಟ್ಟಳು. ನೋಂದಾಯಿಸಿದ ಪತ್ರಕ್ಕೆ ಪ್ಲಾಸ್ಟಿಕ್ ಹಾಕಿಸಬಾರದು ಎಂದು ಬೈಯಬೇಕಿತ್ತು, ಬೈಯಲಿಲ್ಲ. "ನೀನೇ ಇಟ್ಕೋ" ಎಂದೆ. ಮನೆಗೆ ತಗೊಂಡು ಹೋದಳು.

ಮುಂದಿನ ತಿಂಗಳು ಇದೇ ಊರಿನ ಯಾವುದೋ ಕಾರಿನಲ್ಲಿ ಇನ್ನೊಬ್ಬಳು ಕೂತಿರುತ್ತಾಳೆ, ಕಿಟಕಿಯಿಂದ ಒಂದು ರಟ್ಟು ಒಳಗೆ ಬರುತ್ತದೆ. ಅವಳು ಓದಲಿ ಎಂದೇ ಕೇಳುತ್ತಿದ್ದೇನೆ: ನಿಮ್ಮನ್ನು ಹೀಗೆ ಕೂರಿಸಿದ್ದರಾ? ಆ ಅಂಗೈ ಕೆಳಗೆ ಏನಿತ್ತು? ನೀವು ಒತ್ತಿದಿರಾ, ಓದಿದಿರಾ, ಕಚ್ಚಿದಿರಾ? ಹೆಸರು ಬೇಡ, ಊರು ಬೇಡ. ಆದದ್ದನ್ನು ಆದ ಹಾಗೆ ಕೆಳಗೆ ಬರೆಯಿರಿ.